ಪದಚರ್ಚೆ: ಐಸ್ ಹಾಕಿದ್ದಕ್ಕೆ ‘ತಂಪು ಚಾ’ ಅನ್ನಬಹುದೇ?

ಮಣಿಪಾಲದಿಂದ, ಗುರುವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ.

ಬರುವ ಭಾನುವಾರ ನಮ್ಮ ಅಂಗಡಿಯಲ್ಲಿ ಚಾ ರುಚಿ ನೋಡುವ ಸಂಜೆ ಇಟ್ಟುಕೊಂಡಿದ್ದೇವೆ. ಒಂದು ಮೇಜಿನ ಮೇಲೆ ಬಿಸಿ, ಇನ್ನೊಂದರ ಮೇಲೆ ಐಸ್ ಹಾಕಿದ್ದು. ಎರಡೂ ಕಡೆ ಅವೇ ಐದು: ನೀಲಗಿರಿಯ ಸಾದಾ ಚಾ, ಮಲ್ಲಿಗೆಯ ಗ್ರೀನ್ ಟೀ, ಅರ್ಲ್ ಗ್ರೇ, ಶುಂಠಿ ಏಲಕ್ಕಿ ಹಾಕಿದ್ದು, ಪುನರ್ಪುಳಿ ಎಂಬ ಹುಳಿಹಣ್ಣು ಸೇರಿಸಿದ್ದು. ಯಾವುದಕ್ಕೂ ಹಾಲಿಲ್ಲ. ಬಂದವರು ಬಿಸಿಯದ್ದನ್ನೂ ತಣ್ಣಗಿನದ್ದನ್ನೂ ಕುಡಿದು ಹೋಲಿಸಬೇಕು.

ಬೋರ್ಡು ಬರೆಯುವವರು ನಾಳೆ ಸಂಜೆ ಬರುತ್ತಾರೆ. ಇಂಗ್ಲಿಷ್ ಬೋರ್ಡು ಬೇಡ ಎಂದು ನಾನೇ ಹಟ ಹಿಡಿದಿದ್ದೇನೆ, ಈಗ ಪದ ಸಿಗುತ್ತಿಲ್ಲ. ‘ಐಸ್ಡ್ ಟೀ’ಗೆ ‘ತಂಪು ಚಾ’ ಎಂದು ಬರೆದುಕೊಂಡೆ. ‘ಫ್ಲೇವರ್ಡ್’ಗೆ ‘ಸ್ವಾದಯುಕ್ತ’ ಎಂದು ಬರೆದೆ, ಅದು ಔಷಧದ ಬಾಟಲಿಯ ಮಾತಿನ ಹಾಗೆ ಕಾಣುತ್ತದೆ. ‘ಟೇಸ್ಟಿಂಗ್’ಗೆ ಏನೂ ಹೊಳೆದಿಲ್ಲ.

ಅತ್ತೆಗೆ ಓದಿ ಹೇಳಿದೆ. ಅವರು ಮಲ್ಲಿಗೆ ಕಟ್ಟುತ್ತಿದ್ದರು. ಬಾಳೆನಾರು ಹಲ್ಲಲ್ಲಿ ಕಚ್ಚಿಕೊಂಡೇ ತಲೆ ಅಲ್ಲಾಡಿಸಿದರು. ಆಮೇಲೆ ನಾರು ತೆಗೆದು, “ಚಾ ಎಲ್ಲಿಯಾದರೂ ತಂಪು ಉಂಟಾ? ಅದು ಉಷ್ಣ ಅಲ್ವಾ?” ಅಂದರು. ಅಲ್ಲಿಂದ ‘ತಂಪು’ ಬರೆಯಲು ಮನಸ್ಸಿಲ್ಲ. ನಾಳೆ ಮಧ್ಯಾಹ್ನದೊಳಗೆ ಯಾರಾದರೂ ಹೇಳಿದರೆ ದೊಡ್ಡ ಉಪಕಾರ.

ಬೆಂಗಳೂರಿನಿಂದ, ಅದೇ ದಿನ

ತಂಚಾ. ತಣ್ ಜೊತೆ ಚಾ. ತಂಗಾಳಿ, ತಣ್ಣೀರು ಇದ್ದ ಹಾಗೆ. ಫ್ಲೇವರ್ಡ್‌ಗೆ ಕಂಪು ಚಾ. ಟೇಸ್ಟಿಂಗ್‌ಗೆ ಸವಿನೋಟ. ಮೂರೂ ಅಚ್ಚಗನ್ನಡ, ಮೂರೂ ಚಿಕ್ಕವು. ‘ಐಸ್’ ಎಂದು ಬರೆಯುವುದಾದರೆ ಕನ್ನಡದ ಬೋರ್ಡು ಯಾಕೆ ಬೇಕು?

ಉಡುಪಿಯಿಂದ, ಗುರುವಾರ ರಾತ್ರಿ

ನಿಮ್ಮ ಅತ್ತೆ ಹೇಳಿದ್ದು ಸರಿ. ಅವರ ಮಾತಿನಲ್ಲೇ ಇಡೀ ವಿಷಯ ಉಂಟು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿ ಬರಲೇ ಇಲ್ಲ, ಅವರು ಮನೆಯಿಂದಲೇ ಕಲಿತು ಬರುತ್ತಿದ್ದರು. ಈಗ ಬೋರ್ಡುಗಳು ಅದನ್ನು ಅಳಿಸುತ್ತಿವೆ.

ನಮ್ಮಲ್ಲಿ ಎರಡು ಬೇರೆ ಬೇರೆ ಜೋಡಿಗಳಿವೆ. ಬಿಸಿ ಮತ್ತು ತಣ್ಣಗೆ ಒಂದು. ಅದು ಲೋಟ ಮುಟ್ಟಿದರೆ ಕೈಗೆ ಗೊತ್ತಾಗುವುದು. ಉಷ್ಣ ಮತ್ತು ತಂಪು ಇನ್ನೊಂದು. ಅದು ಕುಡಿದ ಮೇಲೆ ಮೈಗೆ ಗೊತ್ತಾಗುವುದು. ಬೊಂಡ, ಅಂದರೆ ಎಳನೀರು, ಬಿಸಿಲಲ್ಲಿ ಬಿದ್ದು ಬೆಚ್ಚಗಾಗಿದ್ದರೂ ತಂಪು. ಕೊತ್ತಂಬರಿ ಜೀರಿಗೆಯ ಕಷಾಯವನ್ನು ಹಬೆಯಾಡುತ್ತಿರುವಾಗಲೇ ಕುಡಿಯುತ್ತೇವೆ, ಅದೂ ತಂಪು. ಐಸ್‌ಕ್ರೀಂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೂ ನಮ್ಮ ಹಿರಿಯರು ಅದನ್ನು ಉಷ್ಣದ ಲೆಕ್ಕಕ್ಕೇ ಸೇರಿಸುತ್ತಾರೆ. ಸಂಸ್ಕೃತದಲ್ಲಿ ಉಷ್ಣ ಅಂದರೆ ಬಿಸಿ. ಕನ್ನಡ ಆ ಪದವನ್ನು ತಂದು ತನಗೆ ಬೇಕಾದ ಕೆಲಸಕ್ಕೆ ಹಚ್ಚಿತು, ಬಿಸಿಗೆ ‘ಬಿಸಿ’ ಮೊದಲೇ ಇತ್ತಲ್ಲ. ‘ತಂಪು ಪಾನೀಯ’ ಎಂಬ ಮಾತು ಈಗ ಎಲ್ಲ ಕಡೆ ಇದೆ, ನಿಜ. ಆದರೆ ಮನೆಯಲ್ಲಿ ಬಾಟಲಿ ಸೋಡಾವನ್ನು ಯಾರೂ ‘ಮೈಗೆ ತಂಪು’ ಎಂದು ಮಗುವಿಗೆ ಕುಡಿಸುವುದಿಲ್ಲ. ‘ತಂಪು ಚಾ’ ಎಂದು ಬರೆದರೆ ನೀವು ಮೈಯ ಬಗ್ಗೆ ಒಂದು ಮಾತು ಕೊಟ್ಟ ಹಾಗೆ ಆಗುತ್ತದೆ. ಅದನ್ನು ಚಾ ಉಳಿಸಿಕೊಳ್ಳುವುದಿಲ್ಲ.

ಹಾಗಾದರೆ ತಣ್ಣಗೆ? ಅಲ್ಲಿಯೂ ಎಚ್ಚರ ಬೇಕು. ‘ತಣ್ಣಗಾದ ಚಾ’ ಅಂದರೆ ದೂರು. ತಂದಿಟ್ಟು ಮರೆತದ್ದು, ಹೋಟೆಲಿನಲ್ಲಿ ವಾಪಸು ಕಳಿಸುವಂಥದ್ದು. ಆ ‘ಆದ’ ಎಂಬುದೇ ಕೆಡಿಸುವುದು. ‘ತಣ್ಣನೆಯ’ ಅಂದರೆ ಬೇರೆ. ತಣ್ಣನೆಯ ಗಾಳಿ, ತಣ್ಣನೆಯ ನೀರು, ಇವು ಬೇಕೆಂದು ಕೇಳುವಂಥವು. ಆದ್ದರಿಂದ ‘ತಣ್ಣನೆಯ ಚಾ’ ಎಂದು ಬರೆದರೆ ವ್ಯಾಕರಣಕ್ಕೂ ಸರಿ, ಅತ್ತೆಗೂ ಸರಿ.

‘ತಂಚಾ’ ಬೇಡ. ಸಂಧಿ ಸರಿಯಾಗಿಯೇ ಇದೆ, ಕಿವಿಗೆ ಸರಿಯಿಲ್ಲ. ತಂಗಾಳಿಯಲ್ಲಿರುವ ತಣ್ ‘ತಂಗಳು’ ಎಂಬಲ್ಲಿಯೂ ಇದೆ, ಅಲ್ಲಿ ಜೊತೆಗಿರುವುದು ಕೂಳು. ತಿನ್ನುವ ಕುಡಿಯುವ ವಸ್ತುವಿಗೆ ತಣ್ ಸೇರಿದರೆ ನಮಗೆ ನೆನಪಾಗುವುದು ನಿನ್ನೆಯದ್ದು.

ಮಂಗಳೂರಿನಿಂದ, ಶುಕ್ರವಾರ ಬೆಳಗ್ಗೆ

ಮಾಸ್ಟ್ರೆ, ಪಾಠ ಚಂದ ಉಂಟು. ಆದರೆ ಹಂಪನಕಟ್ಟೆಯ ಯಾವ ಹೋಟೆಲಿನಲ್ಲಾದರೂ ‘ತಣ್ಣನೆಯ ಚಾ ಕೊಡಿ’ ಎಂದು ಕೇಳಿ ನೋಡಿ. ಎರಡು ಸಲ ಕೇಳಿಸಿಕೊಂಡು, “ಐಸ್ ಟೀಯಾ?” ಎಂದು ಅವರೇ ತಿದ್ದುತ್ತಾರೆ. ಜನರ ಬಾಯಲ್ಲಿ ಇರುವುದನ್ನು ಬರೆಯಿರಿ. ಐಸ್ ಟೀ.

ಬೆಂಗಳೂರಿನವರಿಗೆ ಒಂದು ಮಾತು. ‘ಐಸ್’ ಬಂದರೆ ಕನ್ನಡ ಕೆಡುತ್ತದೆ ಅನ್ನುವವರು ‘ಚಾ’ವನ್ನು ಹೇಗೆ ಒಪ್ಪಿದಿರಿ? ಚೀನಾದಲ್ಲಿ ಅದು ಒಂದೇ ಅಕ್ಷರ, ಊರಿಗೊಂದು ಉಚ್ಚಾರ. ಮಕಾವಿನಿಂದ ತಂದ ಪೋರ್ಚುಗೀಸರು ಚಾ ಅಂದರು. ಫೂಜಿಯನ್ ಕರಾವಳಿಯ ‘ತೇ’ಯನ್ನು ಡಚ್ಚರು ಯುರೋಪಿಗೆ ಒಯ್ದರು, ಅದು ಇಂಗ್ಲಿಷಿನಲ್ಲಿ ಟೀ ಆಯಿತು. ಮೈಸೂರು ಕಡೆಯವರು ಟೀ ಅನ್ನುತ್ತಾರೆ, ನಾವು ಚಾ ಅನ್ನುತ್ತೇವೆ. ಎರಡೂ ಹಡಗಿನಲ್ಲಿ ಬಂದವು. ಬಟಾಟೆ, ಪಪ್ಪಾಯಿ, ಅನಾನಸು, ಚಾವಿ, ಪಾದ್ರಿ ಇವೆಲ್ಲ ಪೋರ್ಚುಗೀಸರ ಮಾತುಗಳು. ಇವಿಲ್ಲದೆ ಕರಾವಳಿಯಲ್ಲಿ ಒಂದು ದಿನ ಮಾತಾಡಿ ನೋಡಿ.

ಬೆಂಗಳೂರಿನಿಂದ

ಬಂದು ಬೇರೂರಿದ ಪದ ಬೇರೆ, ಸೋಮಾರಿತನದಿಂದ ತರುವ ಪದ ಬೇರೆ. ಚಾ ಬಂದಾಗ ನಮ್ಮಲ್ಲಿ ಆ ವಸ್ತುವೇ ಇರಲಿಲ್ಲ. ಐಸಿಗೆ ಮಂಜುಗಡ್ಡೆ ಇದೆ. ಇರುವ ಪದ ಬಿಟ್ಟು ಪರರದ್ದು ತಂದು ಅಂಟಿಸಿದರೆ ಅದು ಅರಿಸಮಾಸ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬೇಡ ಅಂದಿದ್ದಾನೆ.

ಉಡುಪಿಯಿಂದ

ಅರಿಸಮಾಸದ ಸೂತ್ರ ಇರುವುದು ಸಂಸ್ಕೃತ ಕನ್ನಡಗಳ ಬೆರಕೆಗೆ. ಇಂಗ್ಲಿಷಿಗೂ ಚೀನಾದ ಪದಕ್ಕೂ ಅದನ್ನು ಎಳೆಯಬೇಡಿ. ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಹಿಂದಿನ ಕವಿಗಳು ಬಳಸಿದ್ದಕ್ಕೂ ಕೊಟ್ಟಿದ್ದಾನೆ. ಬಳಕೆಯ ಮುಂದೆ ಸೂತ್ರ ದಾರಿ ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಲ್ಪೆಯಲ್ಲಿ ದೋಣಿಗೆ ಹೇರುವುದು ಐಸು. ‘ಮಂಜುಗಡ್ಡೆ’ ಪಾಠಪುಸ್ತಕದಲ್ಲಿ ಉಂಟು. ಭೂಗೋಳದ ಪಾಠದಲ್ಲಿ ನಾನೇ ಓದಿಸಿದ್ದೇನೆ.

ಶಿರಸಿಯಿಂದ, ಶುಕ್ರವಾರ ಮಧ್ಯಾಹ್ನ

ಪ್ರಶ್ನೆ ಕೇಳಿದ ತಂಗಿಗೆ ಇವತ್ತೇ ಉತ್ತರ ಬೇಕು, ನೀವು ಸೂತ್ರದಲ್ಲಿ ಕೂತಿದ್ದೀರಿ. ನಾನು ಕೂನೂರಿನ ಚಾ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಇದ್ದವನು. ರುಚಿ ನೋಡುವ ಮೇಜಿನ ಪಕ್ಕ ನಿಂತು ಕಲಿತದ್ದನ್ನು ಹೇಳುತ್ತೇನೆ.

ಮೊದಲು ‘ಒಗರು’. ಬೋರ್ಡಿನಲ್ಲಿ ಬೇರೆ ಏನಿಲ್ಲದಿದ್ದರೂ ಈ ಪದ ಇರಲಿ. ಹಾಲು ಸಕ್ಕರೆ ಇಲ್ಲದ ಚಾ ನಾಲಿಗೆಯ ಎರಡೂ ಬದಿ ಒಣಗಿಸಿ ಹಿಡಿಯುತ್ತದಲ್ಲ, ಅದು ಒಗರು. ಜನ ಅದನ್ನು ‘ಕಹಿ’ ಅಂದುಬಿಡುತ್ತಾರೆ. ಕಹಿ ಹಾಗಲಕಾಯಿಯದ್ದು. ಒಗರು ಎಳೆ ಅಡಿಕೆಯದ್ದು, ಬಾಳೆಕಾಯಿ ಸಿಪ್ಪೆಯದ್ದು. ನಮ್ಮ ಕಡೆ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರಿಗೆ ಚೊಗರು ಅನ್ನುತ್ತಾರೆ. ಕೆಂಪು ಅಡಿಕೆಗೆ ಬಣ್ಣ ಕೊಡುವುದು ಅದೇ. ಒಗರು ಚೊಗರು ಅಕ್ಕತಂಗಿಯರು ಎಂದು ನನ್ನ ನಂಬಿಕೆ. ಇನ್ನೂ ಒಂದು ಉಂಟು. ಆರು ರಸಗಳಲ್ಲಿ ಒಗರಿಗೆ ಸಂಸ್ಕೃತದ ಹೆಸರು ಕಷಾಯ. ನಾವು ಜೀರಿಗೆ ಕೊತ್ತಂಬರಿ ಕುದಿಸಿದ್ದಕ್ಕೆ ಕಷಾಯ ಅನ್ನುತ್ತೇವೆ, ಅದರಲ್ಲಿ ಒಗರೇ ಇಲ್ಲ. ನಿಜವಾಗಿ ಆ ಹೆಸರಿಗೆ ತಕ್ಕದ್ದು ಕಣ್ಣ ಚಾ, ಅಂದರೆ ಹಾಲು ಹಾಕದ ಚಾ. ಇದನ್ನು ನಾನು ಎಷ್ಟು ಸಲ ಹೇಳಿದರೂ ಯಾರೂ ಒಪ್ಪಿಲ್ಲ, ಆದರೂ ಹೇಳುತ್ತೇನೆ.

ಇನ್ನು ಹೋಲಿಸುವ ವಿಷಯ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಬಿಸಿಯದ್ದಕ್ಕೆ ಸಾಕಾದ ಸಕ್ಕರೆ ಐಸಿನಲ್ಲಿ ಸಾಲುವುದಿಲ್ಲ. ಪರಿಮಳವೂ ಹಬೆಯಿಲ್ಲದೆ ಮೂಗಿಗೆ ಏರುವುದಿಲ್ಲ. ಬಿಸಿ ನೀರಿನಲ್ಲಿ ಗಟ್ಟಿಯಾಗಿ ಇಳಿಸಿ ಫ್ರಿಡ್ಜಿಗೆ ಇಟ್ಟರೆ ಮಬ್ಬು ಕಟ್ಟುತ್ತದೆ. ಕೆಫೀನೂ ಒಗರಿನ ಅಂಶವೂ ತಣ್ಣಗಾಗುವಾಗ ಒಂದಕ್ಕೊಂದು ಹಿಡಿದುಕೊಳ್ಳುವುದು ಅದಕ್ಕೆ ಕಾರಣ. ಮತ್ತೆ ಬಿಸಿ ಮಾಡಿದರೆ ತಿಳಿಯಾಗುತ್ತದೆ. ಕಾರ್ಖಾನೆಯವರು ಅದನ್ನು ಕ್ರೀಂ ಅನ್ನುತ್ತಾರೆ. ದಯವಿಟ್ಟು ಅದನ್ನು ‘ಕೆನೆ’ ಎಂದು ಬರೆಯಬೇಡಿ, ಕೆನೆ ಅಂದರೆ ಹಾಲಿನ ಮೇಲೆ ಕಟ್ಟುವುದು. ‘ಮಬ್ಬು’ ಸಾಕು. ಮಬ್ಬು ಬೇಡವಾದರೆ ತಣ್ಣೀರಿನಲ್ಲೇ ರಾತ್ರಿಯಿಡೀ ಎಲೆ ನೆನೆಹಾಕಿ. ಒಗರು ಬಹಳ ಕಮ್ಮಿ ಇರುತ್ತದೆ. ಆದರೆ ಆಗ ಬಿಸಿಗೂ ಅದಕ್ಕೂ ಹೋಲಿಕೆ ಸರಿಯಾಗುವುದಿಲ್ಲ, ಮಾಡಿದ ರೀತಿಯೇ ಬೇರೆ. ನಾವು ಮೇಜಿನ ಮೇಲೆ 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ, 6 ನಿಮಿಷ ಎಂದು ಎಲ್ಲ ಲೋಟಕ್ಕೂ ಒಂದೇ ಅಳತೆ ಇಡುತ್ತಿದ್ದೆವು. ನಿಮ್ಮ ಮಲ್ಲಿಗೆಯದ್ದಕ್ಕೆ ಮಾತ್ರ ಕುದಿಯುವ ನೀರು ಹಾಕಬೇಡಿ. 80 ಡಿಗ್ರಿ ಸಾಕು.

‘ಫ್ಲೇವರ್ಡ್’ ಎಂದು ನೀವು ಒಟ್ಟು ಹಾಕಿದ್ದೂ ಒಂದೇ ಜಾತಿಯದ್ದಲ್ಲ. ಮಲ್ಲಿಗೆ ಚಾ ಅಂದರೆ ಹೂವಿನ ಜೊತೆ ಎಲೆ ಹರಡಿ ಪರಿಮಳ ಹಿಡಿಸಿದ್ದು. ಎಲೆಗೆ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಎಳೆದುಕೊಳ್ಳುವ ಗುಣ ಉಂಟು. ಶಂಕರಪುರದ ಮಲ್ಲಿಗೆಯ ಅಟ್ಟೆ (ಕಟ್ಟಿದ ಹೂವಿನ ಕಟ್ಟು) ಪಕ್ಕದಲ್ಲಿ ಚಾದ ಡಬ್ಬಿ ತೆರೆದಿಟ್ಟು ನೋಡಿ, ಗೊತ್ತಾಗುತ್ತದೆ. ಅರ್ಲ್ ಗ್ರೇ ಅಂದರೆ ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಬೆರೆಸಿದ್ದು. ಅದನ್ನು ಹೇರಳೆ ಎಂದು ಬರೆಯಬೇಡಿ, ಹಣ್ಣೇ ಬೇರೆ. ಹೆಸರನ್ನೂ ಅನುವಾದ ಮಾಡಬೇಡಿ. ಗ್ರೇ ಇಲ್ಲಿ ಬಣ್ಣವಲ್ಲ, 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದವರ ಹೆಸರು. ಶುಂಠಿ, ಪುನರ್ಪುಳಿ ನೇರವಾಗಿ ಹಾಕಿದ್ದು. ಹಿಡಿಸಿದ್ದು, ಬೆರೆಸಿದ್ದು, ಹಾಕಿದ್ದು. ಇಷ್ಟು ಒಳ್ಳೆಯ ಕ್ರಿಯಾಪದಗಳು ಇರುವಾಗ ‘ಸ್ವಾದಯುಕ್ತ’ ಯಾಕೆ?

ಮಣಿಪಾಲದಿಂದ, ಶುಕ್ರವಾರ ಎರಡು ಗಂಟೆ

ಎಲ್ಲರ ಮಾತನ್ನೂ ಎರಡು ಸಲ ಓದಿದೆ. ‘ಕಂಪು ಚಾ’ ನನಗೆ ತುಂಬ ಹಿಡಿಸಿತ್ತು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ದೂರದಿಂದ ಓದಿ ಎಂದು ಪಕ್ಕದ ಅಂಗಡಿಯವರಿಗೆ ಹೇಳಿದೆ. ‘ಕೆಂಪು ಚಾ’ ಎಂದು ಓದಿದರು. ಇನ್ನೊಬ್ಬರನ್ನು ಕರೆದೆ, ಅವರೂ ಕೆಂಪು. ಲೋಟದಲ್ಲಿ ಇರುವುದೂ ಕೆಂಪೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನು ಬಿಡಬೇಕಾಯಿತು, ಬೇಸರವಿದೆ.

ಈಗ ‘ತಣ್ಣನೆಯ ಚಾ’, ‘ಐಸ್ ಟೀ’ ಎರಡರಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ಬೋರ್ಡಿನಲ್ಲಿ ಬಿಸಿಗೆ ಚಾ, ಐಸಿಗೆ ಟೀ ಎಂದು ಬರೆಯಲು ಕೈ ಬರುವುದಿಲ್ಲ.

ಉಡುಪಿಯಿಂದ

ನಿಮ್ಮ ಮೊದಲ ಕಾಗದ ತೆಗೆದು ನೋಡಿ. ‘ಒಂದು ಮೇಜಿನ ಮೇಲೆ ಬಿಸಿ, ಇನ್ನೊಂದರ ಮೇಲೆ ಐಸ್ ಹಾಕಿದ್ದು’ ಎಂದು ನೀವೇ ಬರೆದಿದ್ದೀರಿ. ಪದ ಹುಡುಕಲು ಶುರು ಮಾಡುವ ಮೊದಲು ಬಂದ ಮಾತು ಅದು. ನಾನು ತಣ್ಣನೆಯ ಬಗ್ಗೆ ಇಷ್ಟುದ್ದ ಬರೆಯುವಾಗ ಅದನ್ನು ಗಮನಿಸಲಿಲ್ಲ. ಶಿರಸಿಯವರು ಕ್ರಿಯಾಪದ ಅಂದ ಮೇಲೆ ಕಣ್ಣಿಗೆ ಬಿತ್ತು. ಬಿಸಿಯೋ ತಂಪೋ ಎಂಬ ಜಗಳವೇ ಅಲ್ಲಿ ಇಲ್ಲ, ಏನು ಮಾಡಿದ್ದೀರೋ ಅದನ್ನು ಹೇಳಿದ್ದೀರಿ. ಅದನ್ನೇ ಬರೆಸಿ. ಟೇಸ್ಟಿಂಗ್‌ಗೆ ನಾಮಪದ ಕಟ್ಟಲು ಹೋಗಬೇಡಿ, ‘ಚಾ ರುಚಿ ನೋಡಿ’ ಎಂದು ಕರೆಯಿರಿ. ‘ಸವಿನೋಟ’ದಲ್ಲಿ ನೋಟ ಕಣ್ಣಿಗೆ ಹೋಗುತ್ತದೆ. ‘ರುಚಿ ನೋಡಿ’ಯಲ್ಲಿ ನಾಲಿಗೆಯಲ್ಲೇ ಇರುತ್ತದೆ.

ಬೆಂಗಳೂರಿನಿಂದ

ಒಪ್ಪುವುದಿಲ್ಲ. ಹೊಸ ಪದ ಕಟ್ಟದ ನುಡಿ ಬೆಳೆಯುವುದಿಲ್ಲ. ‘ಐಸ್ ಹಾಕಿದ್ದು’ ಪದವಲ್ಲ, ವಿವರಣೆ.

ಮಂಗಳೂರಿನಿಂದ

‘ಬೆಣ್ಣೆ ಹಚ್ಚಿದ್ದು’ ಎಂದು ಬ್ರೆಡ್ ಕೇಳುವುದಿಲ್ಲವೇ? ಅದೂ ವಿವರಣೆಯೇ.

ಮಣಿಪಾಲದಿಂದ, ಸೋಮವಾರ

ಬೋರ್ಡು ಆಯಿತು, ಸಂಜೆಯೂ ಆಯಿತು. ಮೇಲೆ ‘ಚಾ ರುಚಿ ನೋಡಿ’, ಒಂದು ಮೇಜಿಗೆ ‘ಬಿಸಿ’, ಇನ್ನೊಂದಕ್ಕೆ ‘ಐಸ್ ಹಾಕಿದ್ದು’. ಕೆಳಗೆ ಐದು ಹೆಸರು: ಸಾದಾ ಚಾ, ಮಲ್ಲಿಗೆ ಚಾ, ಅರ್ಲ್ ಗ್ರೇ, ಶುಂಠಿ ಏಲಕ್ಕಿ ಚಾ, ಪುನರ್ಪುಳಿ ಚಾ. ಗುಂಪಿಗೆ ಹೆಸರೇ ಬೇಕಾಗಲಿಲ್ಲ.

ಬಂದವರ ಬಾಯಲ್ಲಿ ಏನು ಬಂತು ಎಂದು ಕಿವಿಗೊಟ್ಟು ಕೇಳಿದೆ. ‘ಐಸ್ ಹಾಕಿದ್ದು’ ಎಂದು ಯಾರೂ ಓದಿ ಹೇಳಲಿಲ್ಲ. “ಐಸಿನದ್ದು ಒಂದು ಕೊಡಿ” ಅಂದರು. “ಐಸ್ ಟೀ” ಅಂದವರು ಕಾಲೇಜಿನ ಮಕ್ಕಳು ಮಾತ್ರ. ‘ತಂಪು’ ಎಂದು ಒಬ್ಬರೂ ಅನ್ನಲಿಲ್ಲ. ಅತ್ತೆ ಶುಂಠಿಯ ಬಿಸಿಯದ್ದನ್ನು ಮಾತ್ರ ಕುಡಿದರು.

ಕಾಪುವಿನ ಕಡೆಯ ಒಬ್ಬ ಹಿರಿಯರು ಸಾದಾ ಚಾವನ್ನು ಎರಡೂ ಮೇಜಿನಿಂದ ತಂದು ಎದುರಿಗಿಟ್ಟುಕೊಂಡರು. ಬಿಸಿಯದ್ದನ್ನು ಒಂದು ಗುಟುಕು, ಐಸಿನದ್ದನ್ನು ಒಂದು ಗುಟುಕು. ಮತ್ತೆ ಬಿಸಿಯದ್ದು. “ಇದರಲ್ಲಿ ಒಗರು ಉಂಟು, ಅದರಲ್ಲಿ ಅಡಗಿ ಕೂತಿದೆ” ಅಂದರು. ಆ ಪದ ಬೋರ್ಡಿನಲ್ಲಿ ಇರಲೇ ಇಲ್ಲ. ಶಿರಸಿಯ ಅಣ್ಣ ಹೇಳಿದ್ದರೂ ಜಾಗವಿಲ್ಲ ಎಂದು ಬಿಟ್ಟಿದ್ದೆ.

ಬೆಂಗಳೂರಿನಿಂದ

ಒಗರು ಅಚ್ಚಗನ್ನಡ. ಮುಂದಿನ ಸಲ ಅದನ್ನು ದೊಡ್ಡದಾಗಿ ಬರೆಸಿ.