ನೇಮ್‌ಸ್ಪೇಸ್‌ಗೆ 'ಮನೆತನ' ಅನ್ನಬಹುದೇ?

ಗೆಳೆಯರೇ,

ಗದಗ, ಹಾವೇರಿ ಕಡೆಯ ಒಕ್ಕಲುತನದ ಪದಗಳನ್ನು ನಾವು ಕೆಲವರು ಎಕ್ಸ್‌ಎಂಎಲ್ ಕಡತದಲ್ಲಿ, ಅಂದರೆ ಪ್ರತಿ ಮಾಹಿತಿಗೂ ಟ್ಯಾಗ್ ಎಂಬ ಹೆಸರಿನ ಗುರುತು ಹಚ್ಚಿ ಬರೆಯುವ ಕಡತದಲ್ಲಿ, ಕೂಡಿಡುತ್ತಿದ್ದೇವೆ. ಕೂರಿಗೆ, ಕುಂಟೆ, ರಂಟೆ, ಇಂಥವು. ಮುಂದೆ ಈ ಕೆಲಸಕ್ಕೆ ಬರುವವರಿಗಾಗಿ ಕನ್ನಡದಲ್ಲೇ ಕೈಪಿಡಿ ಬರೆಯುತ್ತಿದ್ದೇವೆ. 'ನೇಮ್‌ಸ್ಪೇಸ್' ಹತ್ತಿರ ಬಂದು ನಿಂತಿದ್ದೇವೆ. ಒಂದು ಟ್ಯಾಗ್ ಯಾರ ಪದಗಳ ಗುಂಪಿಗೆ ಸೇರಿದ್ದು ಅಂತ ಹೇಳುವುದು ಅದು. 'ನಾಮಾವಕಾಶ' ಅಂದರೆ ನಮ್ಮ ಹುಡುಗರಿಗೆ ಏನೂ ಹೊಳೆಯುವುದಿಲ್ಲ. ನನಗೆ 'ಮನೆತನ' ಸರಿ ಅನಿಸುತ್ತದೆ. ಅದನ್ನು ತೋರಿಸಲು ಟ್ಯಾಗ್ ಹೆಸರಿನ ಮುಂದೆ ಹಚ್ಚುವ ಪ್ರಿಫಿಕ್ಸ್‌ಗೆ 'ಅಡ್ಡಹೆಸರು'.

ಧಾರವಾಡದಲ್ಲಿ ಪಾಟೀಲರು ಎಷ್ಟು ಜನ ಇಲ್ಲ? ಅಡ್ಡಹೆಸರು ಒಂದೇ ಅಂತ ಮನೆತನ ಒಂದೇ ಆಗುವುದಿಲ್ಲ, ಅಲ್ವಾ? ಇಲ್ಲೂ ಹಾಗೆಯೇ. ಒಬ್ಬರು 'ಚಿತ್ರ:' ಅಂತ ಬರೆಯಬಹುದು, ಇನ್ನೊಬ್ಬರು 'ಎಸ್‌ವಿಜಿ:' ಅಂತ (ಎಸ್‌ವಿಜಿ ಅಂದರೆ ಚಿತ್ರವನ್ನೂ ಟ್ಯಾಗ್‌ಗಳಲ್ಲೇ ಬರೆಯುವ ಬಗೆ). ಎರಡನ್ನೂ ಒಂದೇ ವಿಳಾಸಕ್ಕೆ ಕಟ್ಟಿದ್ದರೆ ಮನೆತನ ಒಂದೇ. ಆ ವಿಳಾಸ ವೆಬ್ ಪುಟದ್ದರಂತೆ ಕಂಡರೂ ಅದು ಬರೀ ಗುರುತು. ಅಲ್ಲಿ ಪುಟ ಇರಲೇಬೇಕೆಂದಿಲ್ಲ.

ಇದೆಲ್ಲ ನಿಜಕ್ಕೂ ಬೇಕಾ ಅಂತ ನಮ್ಮಲ್ಲೇ ಜೋರು ಚರ್ಚೆ ನಡೆಯಿತು. ಎಕ್ಸ್‌ಎಂಎಲ್ 1.0 ಬಂದದ್ದು 1998ರಲ್ಲಿ. ನೇಮ್‌ಸ್ಪೇಸ್ ನಿಯಮ ಬಂದದ್ದು 1999ರ ಜನವರಿಯಲ್ಲಿ. ಅದಿಲ್ಲದೆಯೂ ಕಡತ ಸರಿಯಾಗಿಯೇ ಇರುತ್ತದೆ. ಬರೀ ನಮ್ಮ ಟ್ಯಾಗ್‌ಗಳಷ್ಟೇ ಇದ್ದರೆ ಸುಮ್ನೆ ಭಾರ. ಆದರೆ ಕೂರಿಗೆಯ ಎಸ್‌ವಿಜಿ ಚಿತ್ರವನ್ನು ಅದೇ ಕಡತದೊಳಗೆ ಇಟ್ಟಾಗ 'ಟೆಕ್ಸ್ಟ್' ಟ್ಯಾಗ್ ಎರಡಾಯಿತು. ನಮ್ಮದರಲ್ಲಿ ಅದು ರೈತರು ಆಡಿದ ಮಾತು. ಎಸ್‌ವಿಜಿಯಲ್ಲಿ ಚಿತ್ರದ ಮೇಲಿನ ಅಕ್ಷರ. ಅಲ್ಲಿ ಮನೆತನ ಹೇಳದೆ ದಾರಿಯಿಲ್ಲ. ಬೇರೆಯವರ ಟ್ಯಾಗ್ ಒಳಗೆ ಬಂದಾಗ ಮಾತ್ರ ಬೇಕು ಅನ್ನುವುದು ನನ್ನ ಪಕ್ಷ.

ಯಾಕೆಂದರೆ ತೊಡಕೂ ಜಾಸ್ತಿ. ಕಡತದೊಳಗಿನ ಟ್ಯಾಗ್‌ಗಳನ್ನು ಹುಡುಕುವ ಎಕ್ಸ್‌ಪಾತ್ 1.0ರಲ್ಲಿ ಅಡ್ಡಹೆಸರಿಲ್ಲದೆ ಹುಡುಕಿದರೆ ಯಾವ ಮನೆತನಕ್ಕೂ ಸೇರದ ಟ್ಯಾಗ್‌ಗಳಷ್ಟೇ ಸಿಗುತ್ತವೆ. ಕಡತದ ತಲೆಯಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ (ಅಡ್ಡಹೆಸರಿಲ್ಲದ ಟ್ಯಾಗ್‌ಗಳಿಗೆ ತಾನಾಗಿ ಬರುವ ಮನೆತನ) ಇದ್ದರೆ ಕಣ್ಣೆದುರಿನ ಟ್ಯಾಗೂ ಸಿಗುವುದಿಲ್ಲ. ತಪ್ಪಾಗಿದೆ ಅನ್ನುವ ಸೂಚನೆಯೂ ಬರುವುದಿಲ್ಲ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲೇ ಬರೆಯಬೇಕು.

ಈಗ ನನ್ನ ಪ್ರಶ್ನೆ. ಮೈಸೂರು ಕಡೆ 'ಅಡ್ಡಹೆಸರು' ಅಂದರೆ ಗೇಲಿಗೆ ಇಟ್ಟ ಹೆಸರು ಅಂತಲೂ ಆಗುತ್ತದೆ. ಅಲ್ಲಿನ ಓದುಗರಿಗೆ ಇದು ಗೊಂದಲವೇ? ಡೀಫಾಲ್ಟ್ ನೇಮ್‌ಸ್ಪೇಸ್‌ಗೆ 'ಮೂಲ ಮನೆತನ' ಅನ್ನೋಣ ಅಂದರೆ, ಅಡ್ಡಹೆಸರಿಲ್ಲದ ಆಟ್ರಿಬ್ಯೂಟ್‌ಗಳು (ಟ್ಯಾಗ್‌ನೊಳಗೇ ಬರೆಯುವ ವಿವರಗಳು) ಅದಕ್ಕೆ ಸೇರುವುದೇ ಇಲ್ಲ. ಅವುಗಳನ್ನು ಏನೆಂದು ಕರೆಯೋಣ?