ಪುಟ್ಟಿಯನ್ನು ಮೂರು ದಿನ ಕಳುಹಿಸಿ, ಮಾವ

ಮಾವ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ಪುಟ್ಟಿಯ ಶಾಲೆಯವರು 9ನೇ ತರಗತಿ ಮಕ್ಕಳನ್ನು ಮೂರು ದಿನ ಕೆಲಸದ ಜಾಗಕ್ಕೆ ಕಳುಹಿಸುತ್ತಾರಂತೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಈಗ ಇದೆಲ್ಲ ಬೇಕಾ, ಮಕ್ಕಳನ್ನು ದುಡಿಸಿಕೊಂಡರೆ ಏನು ಗತಿ ಅಂತ ನೀವು ಬೆಳಿಗ್ಗೆ ಗ್ರೂಪಿನಲ್ಲಿ ಕೇಳಿದಿರಿ.

ದುಡಿಸಿಕೊಳ್ಳುವ ಭಯ ಸರಿಯೇ. 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಅಂತ ಕಾನೂನೇ ಇದೆ. ಜೊತೆಗೆ ಯಾವ ಟೀಚರ್ ಇರುತ್ತಾರೆ, ಅಲ್ಲಿ ಹೇಳಿಕೊಡುವವರು ಯಾರು, ಮಶೀನ್ ಹತ್ತಿರ ಬಿಡುವುದಿಲ್ಲ ತಾನೇ ಅಂತ ಮೊದಲೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕಳುಹಿಸಬೇಡಿ, ನಾನೂ ನಿಮ್ಮ ಕಡೆಗೇ. ಉತ್ತರ ಬಂದರೆ ಮಾತ್ರ ತಡೆಯಬೇಡಿ. ಇದು ಹೊಸ ಹುಚ್ಚೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಇಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಬೇಕು ಅಂತಿದೆ.

ನಾನು ಹುಟ್ಟಿ ಬೆಳೆದದ್ದೇ ಕಾಫಿ ತೋಟದಲ್ಲಿ, ಅಲ್ವಾ? ಆದರೂ ನನಗೆ ಗೊತ್ತಿದ್ದದ್ದು ಸಾಹುಕಾರರ ಕೆಲಸ, ಲೆಕ್ಕ ಬರೆಯುವ ರೈಟರ ಕೆಲಸ, ಹಣ್ಣು ಕೊಯ್ಯುವವರ ಕೆಲಸ, ಅಷ್ಟೇ. ಕಣದಲ್ಲಿ ಒಣಗಿಸಿ ಲಾರಿಗೆ ಹಾಕಿದರೆ ಕಾಫಿ ಕಥೆ ಮುಗಿಯಿತು ಅಂದುಕೊಂಡಿದ್ದೆ. ಬಿ.ಕಾಂ. ಮುಗಿಸಿ ಕುಶಾಲನಗರದಲ್ಲಿ ಕ್ಯೂರಿಂಗ್ ವರ್ಕ್ಸ್‌ಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸುವ ಕಾರ್ಖಾನೆ) ಲೆಕ್ಕ ಬರೆಯಲು ಸೇರಿದ ಮೇಲೆ ಕಣ್ಣು ತೆರೆಯಿತು. ತೇವಾಂಶ ಅಳೆಯುವವರೇ ಬೇರೆ. ಜರಡಿ ಹಿಡಿಯುವವರೇ ಬೇರೆ. ಪ್ಲಾಂಟೇಷನ್ 'ಎ' ಅನ್ನುವ ದರ್ಜೆ ಸಿಗಬೇಕಾದರೆ ಬೀಜ 6.65 ಮಿ.ಮೀ. ತೂತಿನ ಜರಡಿಯ ಮೇಲೆ ನಿಲ್ಲಬೇಕು. ಇನ್ನು ರುಚಿ ನೋಡುವವರು! ಸುಮಾರು 8 ಗ್ರಾಂ ಪುಡಿಗೆ 150 ಮಿಲಿ ಬಿಸಿನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ಮೂಗು ಒಡ್ಡುತ್ತಾರೆ. ಆಮೇಲೆ ಸುರ್ರನೆ ಹೀರಿ, ಉಗಿದು, ಅಂಕ ಹಾಕುತ್ತಾರೆ. ನಮ್ಮ ಕಣದಲ್ಲಿ ಒಣಗಿದ ಕಾಫಿಗೆ ಅಂಕ! ಇದನ್ನು ಕಲಿಸಲು ಕಾಫಿ ಬೋರ್ಡಿನದ್ದೇ ಒಂದು ವರ್ಷದ ಡಿಪ್ಲೊಮಾ ಇದೆ. ಸೇರಲು ವಿಜ್ಞಾನದ ಪದವಿ ಬೇಕು. ನನ್ನದು ಬಿ.ಕಾಂ. ಎಷ್ಟು ಅತ್ತಿದ್ದೇನೆ ಗೊತ್ತಾ ಮಾವ. 9ನೇ ತರಗತಿಯಲ್ಲಿ ಒಂದೇ ದಿನ ಆ ರುಚಿ ನೋಡುವ ರೂಮಿನಲ್ಲಿ ನಿಂತಿದ್ದರೂ ಸಾಕಿತ್ತು.

ಇಷ್ಟ ಆಗದಿದ್ದರೂ ನಷ್ಟ ಇಲ್ಲ. ದೊಡ್ಡಮ್ಮನ ಮೊಮ್ಮಗ ಪಶುವೈದ್ಯ ಆಗುತ್ತೇನೆ ಅಂತ ಹಟ ಹಿಡಿದಿದ್ದ. ಎರಡು ದಿನ ಪಶು ಆಸ್ಪತ್ರೆಯಲ್ಲಿ ಕೂತು ಬಂದವನು, ಇದು ನನ್ನಿಂದ ಆಗುವುದಿಲ್ಲ ಅಂದ. ಲಕ್ಷಗಟ್ಟಲೆ ಫೀಸ್ ಕಟ್ಟಿದ ಮೇಲೆ ಗೊತ್ತಾಗಿದ್ದರೆ?

ಪುಟ್ಟಿಗೆ ಗಿಡಮರ ಅಂದರೆ ಜೀವ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಬಸ್ಸಿನಲ್ಲಿ ಬೋರ್ಡ್ ನೋಡಿಕೊಂಡು ದಾಟಿದ್ದೇವೆ, ಒಳಗೆ ಕಾಲಿಟ್ಟವರು ನಮ್ಮಲ್ಲಿ ಯಾರಿದ್ದಾರೆ? ಅಂಥ ಕಡೆ ಅವಕಾಶ ಸಿಗುತ್ತದಾ ಅಂತ ಟೀಚರ್ ಹತ್ತಿರ ಕೇಳಿ. ಮೂರು ದಿನಕ್ಕೆ ಮೂರು ಜಾಗ ಸುತ್ತಿಸುವುದು ಬೇಡ, ಸುಮ್ನೆ ಪಿಕ್‌ನಿಕ್ ಆಗುತ್ತದೆ. ಒಂದೇ ಕಡೆ ಇರಲಿ. ಕುಶಾಲನಗರ ಸಿಕ್ಕರೆ ನಮ್ಮ ಮನೆಯಲ್ಲೇ ಉಳಿಯಲಿ, ಬೆಳಿಗ್ಗೆ ನಾನೇ ಬಿಟ್ಟು ಬರುತ್ತೇನೆ. ಒಪ್ಪಿಗೆ ಚೀಟಿಗೆ ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡಿ ಮಾವ.