ಒಪ್ಪಂದದ ಹಣ ಇವತ್ತಿಗೂ ಐದೇ ಡಾಲರ್ ಯಾಕೆ?

ಮೂಡಿಗೆರೆ ಮೇಷ್ಟ್ರು:
ನಮ್ಮಕ್ಕನ ಮಗ ಕೆನಡಾದ ವಿನ್ನಿಪೆಗ್‌ನಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವ ಮೂಲನಿವಾಸಿ ಹುಡುಗ ಮೊನ್ನೆ ಗರಿಗರಿ ಐದು ಡಾಲರ್ ನೋಟು ತೋರಿಸಿದನಂತೆ. ಸರ್ಕಾರದವರು ವರ್ಷಕ್ಕೊಮ್ಮೆ ಮೇಜು ಹಾಕಿ, ಪಕ್ಕದಲ್ಲಿ ಕೆಂಪು ಕೋಟಿನ ಪೊಲೀಸರನ್ನು ನಿಲ್ಲಿಸಿ, ತಲೆಗೆ ಐದು ಡಾಲರ್ ಎಣಿಸಿ ಕೊಡ್ತಾರಂತೆ. ಮುಖಂಡನಿಗೆ 25, ಮೂರು ವರ್ಷಕ್ಕೊಂದು ಜೊತೆ ಬಟ್ಟೆ. 1871ರಲ್ಲಿ ಬ್ರಿಟಿಷ್ ರಾಣಿ ಹೆಸರಲ್ಲಿ ಆ ಜನರ ನೆಲಕ್ಕಾಗಿ ಆದ ಒಪ್ಪಂದ, 1875ರಿಂದ ಐದೇ ಡಾಲರ್. ನಮ್ಮ ತೋಟದ ಆಳಿಗೆ ಅಜ್ಜನ ಕಾಲದ ನಾಲ್ಕಾಣೆ ಕೊಟ್ಟು ‘ಮಾತಿಗೆ ತಪ್ಪಲಿಲ್ಲ’ ಅಂದರೆ ನಡೆಯುತ್ತಾ? ಯಾರೂ ಕೋರ್ಟಿಗೆ ಹೋಗಿಲ್ಲವಾ?

ಹಾಸನದ ವಕೀಲೆ:
ಹೋಗಿದ್ದಾರೆ ಮೇಷ್ಟ್ರೇ, ಆದರೆ ಹಳೇ ಬಾಕಿ ಸಿಕ್ಕಿದ್ದು ನಿಮ್ಮ ಅಳಿಯ ಇರುವ ಕಡೆಯವರಿಗಲ್ಲ, ಹ್ಯೂರಾನ್ ಸರೋವರದ ಉತ್ತರ ದಂಡೆಯವರಿಗೆ. ಅವರ 1850ರ ರಾಬಿನ್ಸನ್ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಆ ನೆಲದ ಹುಟ್ಟುವಳಿ ಏರಿ, ಸರ್ಕಾರ ತನಗೆ ನಷ್ಟವಾಗದಂತೆ ಹೆಚ್ಚು ಕೊಡಬಹುದಾದರೆ ವರ್ಷಾಶನವೂ ಏರಬೇಕು. ಗಣಿ, ಮರಮಟ್ಟು ಎಲ್ಲ ಸಾಗಿತು. 1875ರಲ್ಲಿ 4 ಡಾಲರ್ ಆದದ್ದು ಮಾತ್ರ ಅಲ್ಲೇ ನಿಂತಿತು. ಕೊನೆಗೆ 2023ರಲ್ಲಿ ಹಳೇ ಬಾಕಿಗೆ ರಾಜಿಯಾಯಿತು. ಕೇಂದ್ರ ಸರ್ಕಾರ ಮತ್ತು ಒಂಟಾರಿಯೊ ಪ್ರಾಂತ್ಯ ತಲಾ 500 ಕೋಟಿ ಡಾಲರ್. ಸರ್ಕಾರ ಒಪ್ಪಂದವನ್ನೇ ಅಣಕ ಮಾಡಿದೆ ಎಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಛೀಮಾರಿ ಹಾಕಿತು. ವಿನ್ನಿಪೆಗ್ ಕಡೆಯ ಒಪ್ಪಂದದಲ್ಲಿ ಆ ಷರತ್ತೇ ಇಲ್ಲ. ತೊಡಕು ಇರೋದು ಅಲ್ಲಿ.

ಬೇಲೂರು ಸೀಮೆ ಅರ್ಚಕ:
ದೇವಸ್ಥಾನಕ್ಕೆ ಸರ್ಕಾರ ವರ್ಷಾವರ್ಷ ಕೊಡುವ ನಮ್ಮ ತಸ್ತೀಕಿನ ಕಥೆಯೂ ಇದೇ ಅಲ್ವಾ ಸಾರ್? ದೇವರ ಇನಾಂ ಜಮೀನು ಹೋಯ್ತು, ಬದಲಿಗೆ ವರ್ಷಕ್ಕಿಷ್ಟು ಅಂತ ಗೊತ್ತುಮಾಡಿದರು. ಕೇಳಿ ಕೇಳಿ 48 ಸಾವಿರ ಇದ್ದದ್ದು 60 ಸಾವಿರ ಆಯ್ತು, 2025ರ ಬಜೆಟ್‌ನಲ್ಲಿ 72 ಸಾವಿರ ಅಂದ್ರು. ತಿಂಗಳಿಗೆ ಆರು ಸಾವಿರದಲ್ಲಿ ಎಣ್ಣೆ, ಅಕ್ಕಿ, ಹೂವು.

ಮೂಡಿಗೆರೆ ಮೇಷ್ಟ್ರು:
ಅರ್ಚಕರೇ, ನಿಮ್ಮ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಬೇಡ. ಇನಾಂ ದೊರೆ ಕೊಟ್ಟದ್ದು. ಅಲ್ಲಿ ನೆಲ ಆ ಜನರದ್ದೇ, ಕೈಯೊಡ್ಡಿದವಳು ರಾಣಿ. ವಕೀಲರಮ್ಮ ಹೇಳಿದ ಷರತ್ತು ಕಾಗದದಲ್ಲಿ ಇಲ್ಲದಿದ್ದರೂ ಆ ಹಣ ಏರಬೇಕು ಅಂತಲೇ ನನ್ನ ಮನಸ್ಸು ಹೇಳುತ್ತೆ.

ರಾತ್ರಿ ಅಳಿಯನಿಗೆ ಫೋನ್ ಮಾಡಿ, ಆ ಹುಡುಗ ನೋಟು ಖರ್ಚು ಮಾಡಿದನಾ ಅಂತ ಕೇಳಿದೆ. ಇಲ್ಲವಂತೆ. ಅದನ್ನು ಇಸ್ಕೊಳ್ಳೋಕೆ ಅಜ್ಜಿಯನ್ನು ಕೂರಿಸ್ಕೊಂಡು ಎರಡು ಗಂಟೆ ಕಾರು ಓಡಿಸ್ತಾನಂತೆ, ಪೆಟ್ರೋಲಿಗೇ ಅದರ ನಾಲ್ಕರಷ್ಟು. ಒಂದು ವರ್ಷ ಹೋಗದಿದ್ದರೆ ಒಪ್ಪಂದ ಮುಗೀತು ಅಂದುಬಿಟ್ಟಾರು ಅಂತ ಅಜ್ಜಿಗೆ ಭಯವಂತೆ.